ಹದಿನೈದನೇ ದಿನಕ್ಕೆ ನಿಲ್ಲದ ಅಭ್ಯಾಸ: ಹೊಸದಾಗಿ ಶುರು ಮಾಡುವವರಿಗೆ

“ಶುರುವೇನೋ ಮಾಡುತ್ತೇನೆ, ಹದಿನೈದು ದಿನಕ್ಕೆ ನಿಂತುಹೋಗುತ್ತದೆ. ಏನು ಮಾಡಲಿ?” ಹುಬ್ಬಳ್ಳಿಯ ಅಂಗಡಿಕಾರರು, ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಹುಡುಗ ಹುಡುಗಿಯರು, ಗದಗ-ಬೆಟಗೇರಿಯ ಗೃಹಿಣಿಯರು, ಹಾವೇರಿ ಕಡೆಯ ರೈತರು, ನಿವೃತ್ತ ಶಿಕ್ಷಕರು ಎಲ್ಲರೂ ಕೇಳುವ ಪ್ರಶ್ನೆ ಇದೊಂದೇ. ಕೆಲವರಿಗೆ ಅದು ನಡಿಗೆ, ಕೆಲವರಿಗೆ ಓದು, ಉಳಿತಾಯ, ಚಹಾದ ಸಕ್ಕರೆ ಅಥವಾ ರಾತ್ರಿಯ ಮೊಬೈಲ್. ಯುಗಾದಿಗೋ ಶ್ರಾವಣದ ಮೊದಲ ಸೋಮವಾರಕ್ಕೋ ಸಂಕಲ್ಪ ಮಾಡುತ್ತಾರೆ. ಎರಡು ವಾರ ಎಲ್ಲವೂ ಸರಿಯಾಗಿ ನಡೆಯುತ್ತದೆ. ಮೂರನೇ ವಾರ ಮನೆಗೆ ಬೀಗರು ಬರುತ್ತಾರೆ, ಇಲ್ಲವೇ ಮಗುವಿಗೆ ಜ್ವರ ಬರುತ್ತದೆ. ಅಲ್ಲಿಗೆ ಮುಗಿಯಿತು. “ನನ್ನಲ್ಲಿ ಛಲವೇ ಇಲ್ಲ” ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ.

ಆ ಬೈಗುಳಕ್ಕೆ ಕಾರಣವೇ ಇಲ್ಲ ಎಂದು ನಾನು ನಂಬುತ್ತೇನೆ. ಗುರಿ ಹಾಕಿಕೊಳ್ಳುವಾಗ ನಮ್ಮ ಕಣ್ಣ ಮುಂದೆ ಇರುವುದು ಒಳ್ಳೆಯ ದಿನ. ನಿದ್ದೆ ಚೆನ್ನಾಗಿ ಆಗಿದೆ, ಮಳೆ ಇಲ್ಲ, ಮನೆಗೆ ಯಾರೂ ಬಂದಿಲ್ಲ, ಕಚೇರಿಯಿಂದ ಹೊತ್ತಿಗೆ ಸರಿಯಾಗಿ ಬಿಟ್ಟಿದ್ದಾರೆ. ಅಂಥ ದಿನಗಳು ತಿಂಗಳಿಗೆ ಎಷ್ಟು ಬರುತ್ತವೆ? ಉಳಿದ ದಿನಗಳಲ್ಲೂ ಮಾಡಲು ಆಗುವಷ್ಟು ಚಿಕ್ಕ ಕೆಲಸವನ್ನು ಆರಿಸಿಕೊಂಡರೆ ಮಾತ್ರ ಅದು ಉಳಿಯುತ್ತದೆ. ಈ ಲೇಖನದ ಹಂತಗಳೆಲ್ಲ ಇದನ್ನೇ ಕೈಗೆಟುಕುವಂತೆ ಮಾಡಲು ಇವೆ.

ಶುರು ಮಾಡುವ ಮುನ್ನ ಎಚ್ಚರಿಕೆ

ಎಲ್ಲದಕ್ಕೂ ಈ ವಿಧಾನ ಸಾಲುವುದಿಲ್ಲ. ಪ್ರತಿದಿನ ಹೆಚ್ಚು ಮದ್ಯ ಕುಡಿಯುವವರು ಏಕಾಏಕಿ ಬಿಟ್ಟರೆ ನಡುಕ, ಫಿಟ್ಸ್, ಭ್ರಮೆ ಉಂಟಾಗಿ ಜೀವಕ್ಕೇ ಅಪಾಯವಾಗಬಹುದು. ಅವರು ವೈದ್ಯರ ನಿಗಾದಲ್ಲಿಯೇ ಬಿಡಬೇಕು. ಧಾರವಾಡದ ಡಿಮ್ಹಾನ್ಸ್, ಅಂದರೆ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ನಮ್ಮ ಭಾಗದವರಿಗೆ ಹತ್ತಿರದಲ್ಲೇ ಇದೆ. ಗುಟ್ಕಾ, ಬೀಡಿ, ಸಿಗರೇಟು ಬಿಡಬೇಕೆನ್ನುವವರಿಗೆ 1800-11-2356 ಎಂಬ ಉಚಿತ ಸಹಾಯವಾಣಿ ಇದೆ. ತಂಬಾಕಿನ ಪೊಟ್ಟಣಗಳ ಮೇಲೇ ಈ ಸಂಖ್ಯೆ ಅಚ್ಚಾಗಿರುತ್ತದೆ. ವಾರಗಟ್ಟಲೆ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಇಲ್ಲ, ಬದುಕೇ ಭಾರ ಎನಿಸುತ್ತಿದ್ದರೆ ಅದನ್ನು ಸೋಮಾರಿತನ ಎಂದುಕೊಳ್ಳಬೇಡಿ. 14416 ಟೆಲಿ-ಮಾನಸ್ ಸಹಾಯವಾಣಿಗೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು. ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮುನ್ನ, ನಡಿಗೆ ಹೆಚ್ಚಿಸುವ ಮುನ್ನ ತಮ್ಮ ವೈದ್ಯರನ್ನು ಕೇಳಬೇಕು. ರಕ್ತದ ಸಕ್ಕರೆ ತೀರಾ ಇಳಿದರೆ ತಲೆ ಸುತ್ತಿ ಬೀಳುವ ಸಂಭವವಿದೆ.

ಬೇಕಾಗುವ ಸಾಮಾನು

ಒಂದು ಗೋಡೆ ಕ್ಯಾಲೆಂಡರ್ ಮತ್ತು ದಾರ ಕಟ್ಟಿದ ಒಂದು ಪೆನ್ಸಿಲ್. ನಮ್ಮ ಕಡೆಯ ಬಹಳಷ್ಟು ಮನೆಗಳಲ್ಲಿ ಗದುಗಿನ ಶಾಬಾದಿಮಠ ಕ್ಯಾಲೆಂಡರ್ ಇದ್ದೇ ಇರುತ್ತದೆ. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ತಾರೀಖು ಎಲ್ಲ ಅದರ ಮೇಲೆಯೇ ಬೀಳುತ್ತವೆ. ಅದೇ ಸಾಕು. ಜೊತೆಗೆ ಒಂದು ಹಳೆಯ ನೋಟ್‌ಬುಕ್. ಹೊಸ ಶೂ, ಕೈಗಡಿಯಾರದ ಹಾಗೆ ಕಟ್ಟಿಕೊಳ್ಳುವ ಹೆಜ್ಜೆ ಎಣಿಸುವ ಪಟ್ಟಿ, ಜಿಮ್ಮಿನ ವರ್ಷದ ಚಂದಾ ಯಾವುದೂ ಈಗ ಬೇಡ. ಹಣ ಖರ್ಚು ಮಾಡಿದ ಕೂಡಲೇ ಅರ್ಧ ಕೆಲಸ ಮುಗಿದಂತೆ ಮನಸ್ಸಿಗೆ ಅನ್ನಿಸಿಬಿಡುತ್ತದೆ. ಬಹಳ ಜನ ಜಾರುವುದು ಇಲ್ಲಿಯೇ.

1. ಮೊದಲ ವಾರ ಬರೀ ಗಮನಿಸಿ

ಏಳು ದಿನ ಏನನ್ನೂ ಬದಲಿಸಬೇಡಿ. ನೀವು ಬಿಡಬೇಕೆಂದಿರುವ ಅಥವಾ ಹಿಡಿಯಬೇಕೆಂದಿರುವ ಸಂಗತಿಯ ಬಗ್ಗೆ ನೋಟ್‌ಬುಕ್ಕಿನಲ್ಲಿ ಮೂರು ಮಾತು ಬರೆಯಿರಿ: ಎಷ್ಟು ಹೊತ್ತಿಗೆ, ಎಲ್ಲಿ, ಅದಕ್ಕೆ ಮುಂಚೆ ಏನಾಯಿತು.

ಮೂರನೆಯದೇ ಮುಖ್ಯ. ಉದಾಹರಣೆಗೆ ಒಬ್ಬರು ಹೀಗೆ ಬರೆಯಬಹುದು: “ರಾತ್ರಿ ಹನ್ನೊಂದು, ಹಾಸಿಗೆ, ಅಲಾರಾಂ ಇಡಲು ಮೊಬೈಲ್ ಕೈಗೆತ್ತಿಕೊಂಡೆ.” ನಾಲ್ಕು ದಿನವೂ ಅದೇ ಮಾತು ಬಂದರೆ ಸಮಸ್ಯೆ ಎಲ್ಲಿದೆ ಎಂಬುದು ತಾನಾಗಿಯೇ ಕಾಣುತ್ತದೆ. ಇಂಥವರಿಗೆ ಉಪದೇಶಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಒಂದು ಅಲಾರಾಂ ಗಡಿಯಾರ. “ಮಧ್ಯಾಹ್ನ ಮೂರು, ಅಂಗಡಿ, ಗಿರಾಕಿ ಇರಲಿಲ್ಲ, ಪಕ್ಕದ ಅಂಗಡಿಯವರು ಚಹಾಕ್ಕೆ ಕರೆದರು” ಎಂದು ಬರೆಯುವವರಿಗೆ ಬೇಕಾಗಿರುವುದು ಚಹಾಕ್ಕಿಂತ ಹೆಚ್ಚಾಗಿ ಮಾತು.

ಇದೇ ವಾರ ಇನ್ನೊಂದು ಪಟ್ಟಿಯನ್ನೂ ಮಾಡಿ. ನಿಮ್ಮ ದಿನದಲ್ಲಿ ಎಂದೂ ತಪ್ಪದೆ ನಡೆಯುವ ಕೆಲಸಗಳು ಯಾವುವು? ಹಲ್ಲುಜ್ಜುವುದು, ದೇವರಿಗೆ ದೀಪ ಹಚ್ಚುವುದು, ಚಹಾ ಸೋಸುವುದು, ಚಿಗರಿ ಬಸ್ಸು ಹತ್ತುವುದು, ಅಂಗಡಿಯ ಶಟರ್ ಇಳಿಸುವುದು, ರಾತ್ರಿ ಊಟದ ತಾಟು ತೊಳೆಯುವುದು. ಇವುಗಳನ್ನು ನಾನು ಗೂಟ ಎಂದು ಕರೆಯುತ್ತೇನೆ. ದನವನ್ನು ಗೂಟಕ್ಕೆ ಕಟ್ಟಿದ ಹಾಗೆ ಹೊಸ ಅಭ್ಯಾಸವನ್ನು ಇವುಗಳಲ್ಲಿ ಒಂದಕ್ಕೆ ಕಟ್ಟಬೇಕು. ಪಟ್ಟಿ ಮಾಡುವಾಗ ಒಂದು ಪರೀಕ್ಷೆ ಇರಲಿ: ನಲ್ಲಿಯಲ್ಲಿ ನೀರು ಬಿಡುವ ದಿನವೂ ಇದು ನಡೆಯುತ್ತದೆಯೇ? ನಮ್ಮ ಊರುಗಳಲ್ಲಿ ನೀರು ಬರುವ ದಿನದ ಬೆಳಗಿನ ಲೆಕ್ಕವೇ ಬೇರೆ. ಕೊಡ, ಬ್ಯಾರಲ್, ಟಾಕಿ ತುಂಬಿಸುವುದರಲ್ಲಿ ಉಳಿದದ್ದೆಲ್ಲ ಹಿಂದೆ ಬೀಳುತ್ತದೆ. ಆ ದಿನವೂ ತಪ್ಪದ ಕೆಲಸವೇ ಗಟ್ಟಿ ಗೂಟ.

2. ಒಂದನ್ನೇ ಆರಿಸಿಕೊಳ್ಳಿ

ಮೂರು ಬೇಡ, ಎರಡೂ ಬೇಡ. ಆರಿಸಿಕೊಳ್ಳುವಾಗ ಫಲ ಯಾವುದು, ಕೆಲಸ ಯಾವುದು ಎಂದು ಬೇರೆ ಮಾಡಿ. “ತೂಕ ಇಳಿಸುತ್ತೇನೆ” ಎಂಬುದು ಫಲ, ಅದು ನಿಮ್ಮ ಕೈಯಲ್ಲಿಲ್ಲ. “ರಾತ್ರಿ ಊಟದ ನಂತರ ನಡೆಯುತ್ತೇನೆ” ಎಂಬುದು ಕೆಲಸ, ಇವತ್ತೇ ಮಾಡಬಹುದು. ಕ್ಯಾಲೆಂಡರಿನಲ್ಲಿ ಗುರುತು ಹಾಕಬಹುದಾದದ್ದು ಕೆಲಸವನ್ನು ಮಾತ್ರ.

ಇನ್ನೊಂದು ಮಾತು. ಈ ಬದಲಾವಣೆ ಬೇಕಾಗಿರುವುದು ನಿಮಗೋ, ಅಥವಾ ಮದುವೆ ಮನೆಯಲ್ಲಿ ಯಾರೋ ಆಡಿದ ಮಾತಿಗೋ? ಇನ್ನೊಬ್ಬರ ಚುಚ್ಚುಮಾತಿನಿಂದ ಹುಟ್ಟಿದ ಹಟ ಆ ನೋವು ಆರುವತನಕ ಮಾತ್ರ ಇರುತ್ತದೆ. ನಿಮಗೇ ನಿಜವಾಗಿ ಬೇಕೆನ್ನಿಸಿದ, ಚಿಕ್ಕದೇ ಆದರೂ ಸರಿ, ಒಂದನ್ನು ಹಿಡಿಯಿರಿ.

3. ಕೆಟ್ಟ ದಿನಕ್ಕೂ ಹೊಂದುವಷ್ಟು ಚಿಕ್ಕದು ಮಾಡಿ

ಇಡೀ ವಿಧಾನದಲ್ಲಿ ಅತ್ಯಂತ ಮುಖ್ಯವಾದ ಹಂತ ಇದು. ಓದುಗರು ಹೆಚ್ಚು ಅವಸರದಲ್ಲಿ ದಾಟುವುದೂ ಇದನ್ನೇ.

ಕಳೆದ ತಿಂಗಳು ನಿಮಗೆ ಬಂದ ಅತ್ಯಂತ ಕೆಟ್ಟ ದಿನವನ್ನು ನೆನಪಿಸಿಕೊಳ್ಳಿ. ಆಸ್ಪತ್ರೆಗೆ ಓಡಾಡಿದ ದಿನ, ಹೊಲದಲ್ಲಿ ರಾತ್ರಿಯವರೆಗೆ ಆಳುಗಳ ಜೊತೆ ನಿಂತ ದಿನ, ಸಾಲದವರು ಮನೆ ಬಾಗಿಲಿಗೆ ಬಂದ ದಿನ. ಆ ದಿನವೂ ನೀವು ಏನು ಮಾಡಲು ಸಾಧ್ಯವಿತ್ತು? ಅದೇ ನಿಮ್ಮ “ದಿನದ ಕನಿಷ್ಠ”. ಸಾಮಾನ್ಯವಾಗಿ ಅದು ಎರಡರಿಂದ ಐದು ನಿಮಿಷದ ಕೆಲಸವಾಗಿರುತ್ತದೆ. ನೋಡಿದರೆ ನಾಚಿಕೆಯಾಗುವಷ್ಟು ಚಿಕ್ಕದಾಗಿರುತ್ತದೆ. ನಾಚಿಕೆಯಾದರೆ ಅಳತೆ ಸರಿಯಾಗಿದೆ ಎಂದೇ ಅರ್ಥ.

ನಡಿಗೆ: ಹೊಸ್ತಿಲಿನಿಂದ ಓಣಿಯ ಕೊನೆಯವರೆಗೆ ಹೋಗಿ ಬರುವುದು. ಉಣಕಲ್ ಕೆರೆ, ನೃಪತುಂಗ ಬೆಟ್ಟ, ಕರ್ನಾಟಕ ವಿಶ್ವವಿದ್ಯಾಲಯದ ಆವರಣ, ಗದಗದ ಭೀಷ್ಮ ಕೆರೆ, ಹಾವೇರಿಯ ಹೆಗ್ಗೇರಿ ಕೆರೆ ಎಲ್ಲವೂ ನಡೆಯಲು ಚೆಂದದ ಜಾಗಗಳು. ಆದರೆ ಅಲ್ಲಿಗೆ ತಲುಪಲು ಬೈಕು ತೆಗೆಯಬೇಕು ಎಂದಾದರೆ ಅವು ರವಿವಾರಕ್ಕೆ ಇರಲಿ. ಪ್ರತಿದಿನದ ನಡಿಗೆ ಮನೆಯ ಬಾಗಿಲಿನಿಂದಲೇ ಶುರುವಾಗಬೇಕು.

ಓದು: ದಿನಕ್ಕೆ ಎರಡು ಪುಟ. ಕನಿಷ್ಠವನ್ನಷ್ಟೇ ಹಿಡಿದರೂ ವರ್ಷಕ್ಕೆ 730 ಪುಟಗಳಾಗುತ್ತವೆ, ಅಂದರೆ ಮೂರು ಒಳ್ಳೆಯ ಪುಸ್ತಕಗಳು. ವರ್ಷಕ್ಕೆ ಒಂದೂ ಓದದೆ ಕೊರಗುವ ಎಷ್ಟೋ ಜನರಿಗೆ ಇದು ದೊಡ್ಡ ಬದಲಾವಣೆ.

ಪರೀಕ್ಷೆಯ ತಯಾರಿ: ಧಾರವಾಡದ ಸಪ್ತಾಪುರದ ಕೋಣೆಗಳ ಗೋಡೆಗಳ ಮೇಲೆ ದಿನಕ್ಕೆ ಹದಿನಾಲ್ಕು ತಾಸಿನ ವೇಳಾಪಟ್ಟಿಗಳು ಅಂಟಿರುತ್ತವೆ. ಮನೆಯಿಂದ ಹಣ ಕಳಿಸುವ ಅಪ್ಪ ಅವ್ವನ ಮುಖ ನೆನೆದು ಬರೆದ ಪಟ್ಟಿಗಳವು, ಅವುಗಳ ಹಿಂದಿನ ಶ್ರದ್ಧೆ ದೊಡ್ಡದು. ಆದರೆ ಹದಿನಾಲ್ಕು ತಾಸಿನ ಪಟ್ಟಿ ಒಂದು ದಿನ ಮುರಿದರೆ ಮರುದಿನ ಪುಸ್ತಕ ತೆರೆಯಲೂ ಭಯವಾಗುತ್ತದೆ. ಆ ಪಟ್ಟಿಯ ಕೆಳಗೆ ಒಂದು ಸಾಲು ಬರೆಯಿರಿ: “ಏನೇ ಆಗಲಿ, ಹಳೆಯ ಪ್ರಶ್ನೆಪತ್ರಿಕೆಯ ಐದು ಪ್ರಶ್ನೆ.” ಪಟ್ಟಿ ಪೂರ್ತಿಯಾಗದ ದಿನ ನಿಮ್ಮನ್ನು ಕಾಯುವುದು ಆ ಸಾಲು.

ಚಹಾದ ಸಕ್ಕರೆ: ಮಟ್ಟಸವಾದ ಒಂದು ಚಹಾ ಚಮಚ ಸಕ್ಕರೆ ಎಂದರೆ ಸುಮಾರು 4 ಗ್ರಾಂ. ದಿನಕ್ಕೆ ನಾಲ್ಕು ಚಹಾ, ಒಂದಕ್ಕೆ ಎರಡು ಚಮಚ ಎಂದರೆ 32 ಗ್ರಾಂ. ಹೊರಗಿನಿಂದ ಸೇರಿಸುವ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಚಹಾ ಒಂದೇ ಅದನ್ನು ದಾಟಿಬಿಡುತ್ತದೆ, ಪೇಢೆ, ಉಂಡಿ ಲೆಕ್ಕಕ್ಕೆ ಬರುವ ಮುನ್ನವೇ. ಹಾಗೆಂದು ನಾಳೆಯಿಂದಲೇ ಸಪ್ಪೆ ಚಹಾ ಕುಡಿಯುವುದು ಬೇಡ. ನಾಲ್ಕನೇ ದಿನ ನಾಲಿಗೆ ಸೇಡು ತೀರಿಸಿಕೊಳ್ಳುತ್ತದೆ. ಎರಡು ವಾರಕ್ಕೊಮ್ಮೆ ಕಪ್ಪಿಗೆ ಕಾಲು ಚಮಚ ಇಳಿಸಿ. ಎಂಟು ವಾರಕ್ಕೆ ಎರಡು ಚಮಚ ಒಂದಾಗುತ್ತದೆ, ನಾಲಿಗೆ ಹೊಂದಿಕೊಂಡಿರುತ್ತದೆ. ನಮ್ಮ ಮನೆಗಳಲ್ಲಿ ಸಕ್ಕರೆ ಕಪ್ಪಿಗೆ ಬೀಳದೆ ಪಾತ್ರೆಗೇ ಬೀಳುವುದರಿಂದ ಚಹಾ ಮಾಡುವವರ ಜೊತೆ ಮೊದಲು ಮಾತನಾಡಿ. ಎಲ್ಲರಿಗೂ ಕಡಿಮೆ ಮಾಡುವುದಾದರೆ ಪಾತ್ರೆಯ ಲೆಕ್ಕದಲ್ಲಿ ಇಳಿಸಿ. ಇಲ್ಲವಾದರೆ ನಿಮ್ಮ ಪಾಲನ್ನು ಮೊದಲೇ ಸೋಸಿ ತೆಗೆಯಬೇಕಾಗುತ್ತದೆ. ಅದು ಅಡುಗೆಮನೆಯಲ್ಲಿರುವವರಿಗೆ ಹೆಚ್ಚಿನ ಕೆಲಸ, ಹಾಗಾಗಿ ಆ ಕೆಲಸ ನೀವೇ ಮಾಡಿ.

ಉಳಿತಾಯ: ಇಲ್ಲಿ ನಮಗೆ ಕಣ್ಣೆದುರಿಗೇ ಒಂದು ಪಾಠವಿದೆ, ಪಿಗ್ಮಿ. ಏಜೆಂಟರು ದಿನವೂ ಅಂಗಡಿ ಬಾಗಿಲಿಗೆ ಬಂದು ಸಣ್ಣ ಮೊತ್ತ ಸಂಗ್ರಹಿಸುವ ಠೇವಣಿ ಇದು. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಇದನ್ನು ಶುರು ಮಾಡಿದಾಗ ದಿನಕ್ಕೆ ಎರಡಾಣೆ ಕಟ್ಟಿದರೂ ನಡೆಯುತ್ತಿತ್ತು. ಅದು ಇಷ್ಟು ವರ್ಷ ಉಳಿದದ್ದು ಹೇಗೆ ಎಂದು ಯೋಚಿಸಿ. ಮೊತ್ತ ಚಿಕ್ಕದು, ವ್ಯಾಪಾರವಿಲ್ಲದ ದಿನವೂ ಕೊಡಬಹುದು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಏಜೆಂಟರು ಬರುತ್ತಾರೆ, ನೆನಪಿಟ್ಟುಕೊಳ್ಳುವ ಭಾರ ನಿಮಗಿಲ್ಲ. ಕೊಟ್ಟದ್ದು ಅಲ್ಲೇ ದಾಖಲಾಗುತ್ತದೆ. ಒಂದು ದಿನ ತಪ್ಪಿದರೆ ಮರುದಿನ ಅವರು ಮತ್ತೆ ಬರುತ್ತಾರೆ, ಜಗಳವಿಲ್ಲ. ಈ ನಾಲ್ಕೂ ಗುಣ ಇರುವ ಯಾವ ಅಭ್ಯಾಸವೂ ಉಳಿಯುತ್ತದೆ. ದಿನಕ್ಕೆ ಇಪ್ಪತ್ತು ರೂಪಾಯಿ ಎಂದರೆ ವರ್ಷಕ್ಕೆ 7,300. ಏಷ್ಯಾದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಎಂದು ಹೆಸರಾದದ್ದು 1905ರಲ್ಲಿ ಇದೇ ಗದಗದ ಪಕ್ಕದ ಕಣಗಿನಹಾಳದಲ್ಲಿ, ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಹುಟ್ಟಿದ ಸಂಘ. ಸಣ್ಣ ಮೊತ್ತಗಳನ್ನು ನಂಬಿದ ನೆಲ ಇದು. ಒಂದೇ ಎಚ್ಚರಿಕೆ: ಪಿಗ್ಮಿ ಕಟ್ಟುವ ಸಂಘ ನೋಂದಾಯಿತವೇ ಎಂದು ನೋಡಿ, ಪ್ರತಿ ಸಲವೂ ರಸೀದಿ ಪಡೆಯಿರಿ, ಅವಧಿಗೆ ಮುನ್ನ ತೆಗೆದರೆ ಏನು ಕಡಿತವಾಗುತ್ತದೆ ಎಂದು ಮೊದಲೇ ಕೇಳಿ.

4. ಗೂಟಕ್ಕೆ ಕಟ್ಟಿ

ಈಗ ಮೊದಲ ವಾರದ ಪಟ್ಟಿಯಿಂದ ಒಂದು ಗೂಟ ಆರಿಸಿ, ಹೀಗೆ ಒಂದು ವಾಕ್ಯ ಬರೆಯಿರಿ: “ಇದು ಮುಗಿದ ಕೂಡಲೇ, ಈ ಜಾಗದಲ್ಲಿ, ಇದನ್ನು ಮಾಡುತ್ತೇನೆ.”

“ರಾತ್ರಿ ಊಟದ ತಾಟು ತೊಳೆದಿಟ್ಟ ಕೂಡಲೇ, ಚಪ್ಪಲಿ ಮೆಟ್ಟಿ ಓಣಿಯ ಕೊನೆಯವರೆಗೆ ಹೋಗಿಬರುತ್ತೇನೆ.” “ನವನಗರದಲ್ಲಿ ಚಿಗರಿ ಹತ್ತಿ ಕುಳಿತ ಕೂಡಲೇ, ಚೀಲದಿಂದ ಪುಸ್ತಕ ತೆಗೆದು ಎರಡು ಪುಟ ಓದುತ್ತೇನೆ.” “ಶಟರ್ ಇಳಿಸಿ ಬೀಗ ಹಾಕಿದ ಕೂಡಲೇ, ಇವತ್ತಿನ ಖರ್ಚು ಬರೆಯುತ್ತೇನೆ.”

ಜರ್ಮನಿಯ ಮನಃಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ಇಂಥ ವಾಕ್ಯಗಳ ಬಗ್ಗೆ 1990ರ ದಶಕದಿಂದ ಅಧ್ಯಯನ ಮಾಡಿದ್ದಾರೆ. “ವ್ಯಾಯಾಮ ಮಾಡುತ್ತೇನೆ” ಎಂದು ಬರೀ ಸಂಕಲ್ಪ ಮಾಡಿದವರಿಗಿಂತ ಯಾವಾಗ, ಎಲ್ಲಿ, ಹೇಗೆ ಎಂದು ಮೊದಲೇ ನಿಶ್ಚಯಿಸಿದವರು ಕೆಲಸವನ್ನು ನಿಜಕ್ಕೂ ಮಾಡುವ ಸಾಧ್ಯತೆ ಹೆಚ್ಚು ಎಂಬುದು ಆ ಅಧ್ಯಯನಗಳ ಸಾರ. ಕಾರಣ ಸರಳ. ಆ ಹೊತ್ತಿನಲ್ಲಿ ನಿರ್ಧಾರ ಮಾಡುವ ಕೆಲಸ ಇರುವುದಿಲ್ಲ. ದಣಿದ ಮನಸ್ಸು ಸೋಲುವುದು ಕೆಲಸದ ಮುಂದೆ ಅಷ್ಟಾಗಿ ಅಲ್ಲ, “ಈಗ ಮಾಡಲೇ, ಆಮೇಲೆ ಮಾಡಲೇ” ಎಂಬ ತೂಗಾಟದಲ್ಲಿ.

“ಬೆಳಗ್ಗೆ”, “ಸಂಜೆ”, “ಸಮಯ ಸಿಕ್ಕಾಗ” ಎಂಬುವು ಗೂಟಗಳಲ್ಲ. ಗಡಿಯಾರದ ಹೊತ್ತು ಕೂಡ ಅಷ್ಟು ಗಟ್ಟಿಯಲ್ಲ, ಏಕೆಂದರೆ ಆರು ಗಂಟೆ ನಿಮ್ಮನ್ನು ಕೇಳದೆ ದಾಟಿಹೋಗುತ್ತದೆ. ತಾಟು ತೊಳೆಯದೆ ಮಾತ್ರ ರಾತ್ರಿ ಮುಗಿಯುವುದಿಲ್ಲ.

5. ಮನೆಯನ್ನು ಸ್ವಲ್ಪ ಹೊಂದಿಸಿ

ಬೇಕಾದದ್ದು ಕೈಗೆ ಹತ್ತಿರ, ಬೇಡವಾದದ್ದು ದೂರ. ಇಷ್ಟೇ ನಿಯಮ. ಪುಸ್ತಕ ಕಪಾಟಿನಲ್ಲಿರದೆ ದಿಂಬಿನ ಪಕ್ಕ ಇರಲಿ. ಮೊಬೈಲಿನ ಚಾರ್ಜರ್ ಮಲಗುವ ಕೋಣೆಯಿಂದ ಪಡಸಾಲೆಗೆ ಹೋಗಲಿ. ಸಕ್ಕರೆ ಡಬ್ಬಿಯಲ್ಲಿ ದೊಡ್ಡ ಚಮಚದ ಬದಲು ಚಿಕ್ಕದನ್ನು ಇಡಿ. ಕರಿದ ತಿಂಡಿಯ ಡಬ್ಬಿ ಮೇಲಿನ ಅಟ್ಟಕ್ಕೆ, ಹುರಿದ ಶೇಂಗಾ ಕೈಗೆಟುಕುವಲ್ಲಿ.

ಸಂಜೆ ಬಸ್ ನಿಲ್ದಾಣದಿಂದ ಮನೆಗೆ ಬರುವ ದಾರಿಯಲ್ಲಿ ಮಿರ್ಚಿ ಭಜಿಯ ಗಾಡಿ ನಿಮ್ಮನ್ನು ತಡೆಯುತ್ತಿದ್ದರೆ ಪಕ್ಕದ ಓಣಿಯಿಂದ ಬನ್ನಿ. ಬಿಸಿ ಎಣ್ಣೆಯ ವಾಸನೆಯ ಎದುರು ನಿಂತು ಮನಸ್ಸನ್ನು ಗೆಲ್ಲಲು ಹೋಗುವುದಕ್ಕಿಂತ ಆ ವಾಸನೆಯೇ ತಾಕದ ದಾರಿ ಹಿಡಿಯುವುದು ಜಾಣತನ.

6. ಕ್ಯಾಲೆಂಡರಿನಲ್ಲಿ ಒಂದು ಗೆರೆ

ಕನಿಷ್ಠ ಮುಗಿದ ದಿನದ ಚೌಕದಲ್ಲಿ ಒಂದು ಗೆರೆ ಎಳೆಯಿರಿ. ಎರಡು ಪುಟ ಓದಿದರೂ ಒಂದು ಗೆರೆ, ಐವತ್ತು ಪುಟ ಓದಿದರೂ ಒಂದೇ ಗೆರೆ. ಎಷ್ಟು ನಿಮಿಷ, ಎಷ್ಟು ಪುಟ, ಎಷ್ಟು ಹೆಜ್ಜೆ ಎಂದು ಬರೆಯಬೇಡಿ. ಹಲವರು ಇದನ್ನು ಒಪ್ಪುವುದಿಲ್ಲ, “ಹೆಚ್ಚು ಮಾಡಿದ್ದಕ್ಕೆ ಲೆಕ್ಕ ಬೇಡವೇ?” ಎಂದು ಕೇಳುತ್ತಾರೆ. ಬೇಡ. ಸೋಮವಾರ ನಲವತ್ತು ನಿಮಿಷ ಎಂದು ಬರೆದರೆ ಮಂಗಳವಾರದ ಐದು ನಿಮಿಷ ಸೋಲಿನ ಹಾಗೆ ಕಾಣುತ್ತದೆ, ಮತ್ತು ಆ ಮಂಗಳವಾರವೇ ಅಭ್ಯಾಸ ಬೇರುಬಿಡುವ ದಿನ.

ಗೆರೆ ಎಳೆಯುವುದು ರಾತ್ರಿಗೆ ಉಳಿಯದಿರಲಿ, ಕೆಲಸ ಮುಗಿದ ತಕ್ಷಣ ಎಳೆಯಿರಿ. ಆ ಚಿಕ್ಕ ತೃಪ್ತಿ ಕೆಲಸಕ್ಕೆ ಅಂಟಿಕೊಂಡೇ ಬರಬೇಕು.

7. ತಪ್ಪಿದ ದಿನ ಏನು ಮಾಡಬೇಕು

ತಪ್ಪುತ್ತದೆ. ಅದಕ್ಕೆ ಮೊದಲೇ ಸಿದ್ಧರಾಗಿರಿ.

ಇಪ್ಪತ್ತೊಂದು ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂಬ ಮಾತನ್ನು ಎಲ್ಲರೂ ಕೇಳಿದ್ದಾರೆ. ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಎನ್ನುವವರೂ ಇದ್ದಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 96 ಜನ ತಲಾ ಒಂದು ಹೊಸ ಅಭ್ಯಾಸವನ್ನು ಆರಿಸಿಕೊಂಡು 84 ದಿನ ದಾಖಲೆ ಇಟ್ಟರು. ಯೋಚಿಸದೆಯೇ ತಾನಾಗಿ ನಡೆಯುವ ಮಟ್ಟಕ್ಕೆ ಕೆಲಸ ಬರಲು ಒಬ್ಬರಿಗೆ 18 ದಿನ ಸಾಕಾಯಿತು, ಇನ್ನೊಬ್ಬರ ವೇಗ ನೋಡಿದರೆ 254 ದಿನ ಬೇಕಾಗಬಹುದೆಂದು ಲೆಕ್ಕ ಬಂತು. ನಡುವಿನ ಸಂಖ್ಯೆ 66. ನೀರು ಕುಡಿಯುವಂಥ ಸರಳ ಕೆಲಸ ಬೇಗ ಕುದುರಿತು, ವ್ಯಾಯಾಮಕ್ಕೆ ಹೆಚ್ಚು ದಿನ ಹಿಡಿಯಿತು. ಹಾಗಾಗಿ ಇಪ್ಪತ್ತೆರಡನೇ ದಿನ ಬೇಸರ ಬಂದರೆ ನಿಮ್ಮಲ್ಲಿ ಏನೋ ಕೊರತೆಯಿದೆ ಎಂದು ತಿಳಿಯಬೇಡಿ. ನೀವಿನ್ನೂ ಅರ್ಧ ದಾರಿಯನ್ನೂ ಕ್ರಮಿಸಿಲ್ಲ, ಅಷ್ಟೇ.

ಅದೇ ಅಧ್ಯಯನದ ಇನ್ನೊಂದು ಮಾತು ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಧಕ್ಕೆ ಆಗಲಿಲ್ಲ. ಅಪಾಯ ಇರುವುದು ಎರಡನೇ ದಿನದಲ್ಲಿ. “ಹೇಗೂ ತಪ್ಪಿತು, ಮುಂದಿನ ಸೋಮವಾರದಿಂದ ಹೊಸದಾಗಿ” ಎನ್ನುವ ಮಾತು ಬಾಯಿಗೆ ಬಂದರೆ ಎಚ್ಚರವಾಗಿರಿ. ಸೋಮವಾರಕ್ಕೆ ಕಾಯಬೇಡಿ, ಅಮಾವಾಸ್ಯೆ ಕಳೆಯಲಿ ಎನ್ನಬೇಡಿ. ನಿಯಮ ಒಂದೇ: ಸತತ ಎರಡು ದಿನ ತಪ್ಪಿಸಬಾರದು. ತಪ್ಪಿದ ಮರುದಿನ ಕನಿಷ್ಠವನ್ನು ಮಾತ್ರ ಮಾಡಿ. ನಿನ್ನೆಯದನ್ನೂ ಸೇರಿಸಿ ಎರಡರಷ್ಟು ಮಾಡಲು ಹೋದರೆ ಅದು ದಂಡ ಕಟ್ಟಿದಂತಾಗುತ್ತದೆ, ದಂಡವಿರುವ ಕೆಲಸಕ್ಕೆ ಮನಸ್ಸು ಮರಳಿ ಬರುವುದಿಲ್ಲ.

ಒಂದು ವಾರದಲ್ಲಿ ಮೂರು ಸಲ ತಪ್ಪಿದರೆ ಮಾತ್ರ ಕುಳಿತು ನೋಡಿ. ಕನಿಷ್ಠ ದೊಡ್ಡದಾಯಿತೇ, ಗೂಟ ಸಡಿಲವಾಗಿದೆಯೇ? ಬಹುತೇಕ ಈ ಎರಡರಲ್ಲಿ ಒಂದಾಗಿರುತ್ತದೆ.

8. ಹಬ್ಬ, ಜಾತ್ರೆ, ಸುಗ್ಗಿ

ಕ್ಯಾಲೆಂಡರನ್ನು ಮುಂದಿನ ಮೂರು ತಿಂಗಳು ತಿರುವಿ ನೋಡಿ, ದಿನಚರಿ ಮುರಿಯುವ ದಿನಗಳಿಗೆ ಈಗಲೇ ವೃತ್ತ ಹಾಕಿ. ನಾಗರ ಪಂಚಮಿ ಎಂದರೆ ನಮ್ಮಲ್ಲಿ ಡಬ್ಬಿಗಟ್ಟಲೆ ಉಂಡಿ. ಶಿವರಾತ್ರಿಯ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಸಿದ್ಧಾರೂಢರ ಜಾತ್ರೆ, ಆಮೇಲೆ ಗದುಗಿನಲ್ಲಿ ತೋಂಟದಾರ್ಯ ಮಠದ ಜಾತ್ರೆ. ಮನೆ ತುಂಬ ನೆಂಟರು. ಬೇಸಿಗೆಯಲ್ಲಿ ಸಾಲು ಸಾಲು ಮದುವೆ. ರೈತರಿಗೆ ಮುಂಗಾರು ಬಿತ್ತನೆ, ಆಮೇಲೆ ಹಿಂಗಾರಿ ಬಿತ್ತನೆ, ಸುಗ್ಗಿ. ಬ್ಯಾಡಗಿ ಕಡೆಯವರಿಗೆ ಮೆಣಸಿನಕಾಯಿ ಬಿಡಿಸುವ, ಒಣಗಿಸುವ ದಿನಗಳು.

ಈ ದಿನಗಳಿಗೆ ಕನಿಷ್ಠದ ಇನ್ನೊಂದು ರೂಪ ಬರೆದಿಡಿ. ಊರಿಗೆ ಹೋದಾಗ ಓಣಿಯ ಬದಲು ನೆಂಟರ ಮನೆಯ ಅಂಗಳದಲ್ಲೇ ನಾಲ್ಕು ಸುತ್ತು. ಬಸ್ಸಿಲ್ಲದ ದಿನ ಓದು ರಾತ್ರಿ ದಿಂಬಿನ ಪಕ್ಕ. ಸುಗ್ಗಿಯಲ್ಲಿ ಹೊಲದ ದುಡಿಮೆಯೇ ವ್ಯಾಯಾಮ. ಆಗ ನಡಿಗೆಯ ಗೆರೆಯನ್ನು ಹಾಗೆಯೇ ಎಳೆಯಿರಿ, ಅದರಲ್ಲಿ ಮೋಸವಿಲ್ಲ.

ಪಂಚಮಿಯ ದಿನ ಉಂಡಿ ತಿನ್ನಿ. ವರ್ಷಕ್ಕೊಮ್ಮೆ ತವರಿಗೆ ಬಂದ ಮಗಳು ಕಟ್ಟಿದ ಉಂಡಿಯನ್ನು ಬೇಡವೆನ್ನುವಂಥ ನಿಯಮ ನನಗೆ ಬೇಡ. ಹಬ್ಬದ ದಿನ ಯಾರ ಆರೋಗ್ಯವನ್ನೂ ಕೆಡಿಸುವುದಿಲ್ಲ. ಹಬ್ಬ ಮುಗಿದ ಮೇಲೆ ಹದಿನೈದು ದಿನ ಡಬ್ಬಿ ಖಾಲಿಯಾಗುವವರೆಗೆ ತಿನ್ನುವುದೇ ಕೆಡಿಸುವುದು. ಮೂರನೇ ದಿನ ಡಬ್ಬಿಯನ್ನು ಓಣಿಯ ಮಕ್ಕಳಿಗೆ ಹಂಚಿಬಿಡಿ. ವೈದ್ಯರು ಸಿಹಿ ಬೇಡ ಎಂದು ಕಟ್ಟಪ್ಪಣೆ ಮಾಡಿರುವವರಿಗೆ ಮಾತ್ರ ಈ ಸಡಿಲಿಕೆ ಅನ್ವಯಿಸುವುದಿಲ್ಲ.

ಇನ್ನೊಬ್ಬರ ಮನೆಗೆ ಹೋದಾಗ ಚಹಾ ಬೇಡ ಎನ್ನುವುದು ನಮ್ಮಲ್ಲಿ ಸುಲಭವಲ್ಲ. ನಿರಾಕರಿಸಬೇಡಿ. “ಅಕ್ಕ, ಅರ್ಧ ಕಪ್ ಸಾಕು” ಎನ್ನಿ. ಕೊಡುವವರಿಗೂ ಬೇಸರವಿಲ್ಲ, ನಿಮ್ಮ ಲೆಕ್ಕವೂ ಅರ್ಧಕ್ಕೆ ಇಳಿಯುತ್ತದೆ.

9. ಯಾವಾಗ ಏರಿಸಬೇಕು

ನಾಲ್ಕು ವಾರದ ಚೌಕಗಳಲ್ಲಿ ಬಹುಪಾಲು ಗೆರೆಗಳಿದ್ದು, ಕೆಲಸವನ್ನು ಯಾರೂ ನೆನಪಿಸದೆಯೇ ಶುರು ಮಾಡುತ್ತಿದ್ದೀರಿ ಎಂದಾದರೆ ಸ್ವಲ್ಪ ಹೆಚ್ಚಿಸಿ. ಓಣಿಯ ಕೊನೆಯವರೆಗಿದ್ದ ನಡಿಗೆ ಮುಂದಿನ ವೃತ್ತದವರೆಗೆ ಹೋಗಲಿ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಮಾತನಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ ಎನ್ನುವಷ್ಟು ಬಿರುಸಿನ ನಡಿಗೆ. ದಿನಕ್ಕೆ ಇಪ್ಪತ್ತು ನಿಮಿಷಕ್ಕೆ ಸ್ವಲ್ಪ ಹೆಚ್ಚು. ಹುಬ್ಬಳ್ಳಿ ರೈಲು ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮನ್ನು ನೋಡಿದವರಿಗೆ ಅಂದಾಜು ಸಿಗುತ್ತದೆ, ಅದರ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದಷ್ಟು. ಆರೋಗ್ಯವಂತರಿಗೆ ಮೂರು ನಾಲ್ಕು ತಿಂಗಳಲ್ಲಿ ತಲುಪಬಹುದಾದ ಗುರಿ ಅದು.

ಆದರೆ ಒಂದನ್ನು ಗಟ್ಟಿಯಾಗಿ ನೆನಪಿಡಿ. ನೀವು ಮಾಡುವ ಪ್ರಮಾಣ ಏರಲಿ, ಕನಿಷ್ಠ ಏರಬಾರದು. ದಿನವೂ ಮೂವತ್ತು ನಿಮಿಷ ನಡೆಯುವವರಾದ ಮೇಲೂ ಓಣಿಯ ಕೊನೆಯವರೆಗಿನ ನಡಿಗೆಗೆ ಗೆರೆ ಸಿಗುತ್ತಲೇ ಇರಬೇಕು. ಒಂದು ವರ್ಷ ಚೆನ್ನಾಗಿ ನಡೆಸಿಕೊಂಡು ಬಂದು ಆಮೇಲೆ ಪೂರ್ತಿ ಬಿಟ್ಟವರನ್ನು ಕೇಳಿ ನೋಡಿ. ಮೂವತ್ತು ನಿಮಿಷವನ್ನೇ ಕನಿಷ್ಠ ಮಾಡಿಕೊಂಡಿರುತ್ತಾರೆ, ಒಂದು ಮಳೆಗಾಲದಲ್ಲಿ ಅದು ಆಗದೆ ಎಲ್ಲವೂ ನಿಂತಿರುತ್ತದೆ. ಧಾರವಾಡದ ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಛತ್ರಿ ಹಿಡಿದು ಓಣಿಯ ಕೊನೆಯವರೆಗೆ ಹೋಗಿಬರಬಹುದು.

ಎರಡನೇ ಅಭ್ಯಾಸವನ್ನು ಶುರು ಮಾಡುವುದೂ ಮೊದಲನೆಯದು ಇಷ್ಟು ಹದಕ್ಕೆ ಬಂದ ಮೇಲೆಯೇ. ಅದಕ್ಕೆ ಬೇರೆ ಗೂಟ ಇರಲಿ.

ಉಳಿದ ಕೆಲವು ಪ್ರಶ್ನೆಗಳು

ಬೆಳಗ್ಗೆ ಐದಕ್ಕೆ ಏಳಲೇಬೇಕೇ? ಬೇಕಿಲ್ಲ. ರಾತ್ರಿ ಹನ್ನೆರಡಕ್ಕೆ ಮಲಗಿ ಐದಕ್ಕೆ ಎದ್ದರೆ ನಿದ್ದೆ ಕಡಿಮೆಯಾಗುತ್ತದೆ, ಅಷ್ಟೇ. ಬೇಗ ಏಳಬೇಕೆನ್ನುವವರು ಮೊದಲು ಮಲಗುವ ಹೊತ್ತನ್ನು ವಾರಕ್ಕೆ ಹದಿನೈದು ನಿಮಿಷ ಹಿಂದಕ್ಕೆ ತರಲಿ.

ಎಲ್ಲರಿಗೂ ಹೇಳಿಕೊಳ್ಳಬೇಕೇ? ಒಬ್ಬರಿಗೆ ಹೇಳಿ ಸಾಕು. ಬೈಯದ, ನಗದ, ಆದರೆ “ಇವತ್ತು ಆಯಿತೇ?” ಎಂದು ಕೇಳುವ ಒಬ್ಬರು. ತಂಗಿಯಾಗಲಿ, ಹಳೆಯ ಸಹಪಾಠಿಯಾಗಲಿ, ಪಕ್ಕದ ಮನೆಯ ಕಾಕಾ ಆಗಲಿ.

ಅರವತ್ತು ದಾಟಿದವರಿಗೆ ಇದು ಸಾಧ್ಯವೇ? ಖಂಡಿತ ಸಾಧ್ಯ. ನಿವೃತ್ತರಿಗೆ ತೊಂದರೆ ಬರುವುದು ಗೂಟಗಳ ವಿಷಯದಲ್ಲಿ. ಕಚೇರಿ ಹೋದ ಮೇಲೆ ದಿನಕ್ಕೆ ಆಕಾರವೇ ಇರುವುದಿಲ್ಲ. ಮಾತ್ರೆ ತೆಗೆದುಕೊಳ್ಳುವ ಹೊತ್ತು, ಪತ್ರಿಕೆ ಬರುವ ಹೊತ್ತು, ಮೊಮ್ಮಗುವನ್ನು ಶಾಲೆಯ ವಾಹನಕ್ಕೆ ಬಿಡುವ ಹೊತ್ತು ಇವುಗಳನ್ನು ಹಿಡಿದುಕೊಳ್ಳಿ. ಮಂಡಿನೋವು ಇರುವವರು ನಡಿಗೆಯ ಬದಲು ಕುರ್ಚಿಯಿಂದ ಐದು ಸಲ ಎದ್ದು ಕೂರುವುದನ್ನು ಕನಿಷ್ಠ ಮಾಡಿಕೊಳ್ಳಬಹುದು, ಗೋಡೆಯ ಪಕ್ಕ, ಹಿಡಿದುಕೊಳ್ಳಲು ಆಸರೆ ಇರುವಲ್ಲಿ.

ಮಕ್ಕಳಿಗೆ ಕಲಿಸುವುದು ಹೇಗೆ? ಅವರ ಕ್ಯಾಲೆಂಡರನ್ನು ನೀವು ತುಂಬಬೇಡಿ. ನಿಮ್ಮ ಗೆರೆಗಳನ್ನು ಅವರ ಕಣ್ಣಿಗೆ ಬೀಳುವಲ್ಲಿ ತೂಗುಹಾಕಿ. ಅವರಾಗಿ ಪೆನ್ಸಿಲ್ ಕೇಳಿದ ದಿನ ಇನ್ನೊಂದು ಕ್ಯಾಲೆಂಡರ್ ತಂದುಕೊಡಿ.